ಕರಗದ ಪುಡಿಗಳು

ಸುಣ್ಣ ಬಳಿದ ಗೋಡೆ ಬಳಿದ ಗಳಿಗೆಯಲ್ಲಿ ಬೆಳ್ಳಗಿರುವುದಿಲ್ಲ. ಇದನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಇದರ ಬಗ್ಗೆ ಕೂತು ಮಾತಾಡಿದವರು ಕಡಿಮೆ. ಕುಂಚ ಗೋಡೆಯ ಮೇಲೆ ಓಡಿದ ಕಡೆಯೆಲ್ಲ ತೆಳ್ಳನೆಯ ಬೂದು ನೀರು ಹರಡುತ್ತದೆ. ಹಳೆಯ ಕಲೆ, ಮಗುವಿನ ಪೆನ್ಸಿಲ್ ಗೀಟು, ದೀಪದ ಗೂಡಿನ ಮೇಲಿನ ಮಸಿ ಎಲ್ಲವೂ ಆ ನೀರಿನ ಹಿಂದಿನಿಂದ ಇಣುಕುತ್ತಿರುತ್ತವೆ. ಮನೆಯಾಕೆ ಹತ್ತಿರ ಬಂದು ಮುಖ ಸಿಂಡರಿಸುತ್ತಾಳೆ. ಬಳಿಯುವವನು ತಲೆಯೆತ್ತದೆ, "ಒಣಗ್ಲಿ ತಡೀರಮ್ಮಾ" ಅನ್ನುತ್ತಾನೆ. ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಗೋಡೆ ತನ್ನಷ್ಟಕ್ಕೆ ತಾನೇ ಬೆಳ್ಳಗಾಗಿ ನಿಂತಿರುತ್ತದೆ. ಯಾರೂ ಹೊಸದಾಗಿ ಏನನ್ನೂ ಹಚ್ಚಿಲ್ಲ. ಇದ್ದ ನೀರು ಹೋಗಿದೆ, ಅಷ್ಟೇ.

ನೀರು ಹೋದದ್ದರಿಂದ ಬಿಳುಪು ಬರುವುದು ಹೇಗೆ? ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಬಾಗುತ್ತದೆ. ಎಷ್ಟು ಬಾಗುತ್ತದೆ ಎಂಬುದಕ್ಕೆ ಭೌತವಿಜ್ಞಾನಿಗಳು ವಕ್ರೀಭವನಾಂಕ ಎಂಬ ಒಂದು ಅಂಕೆ ಕೊಟ್ಟಿದ್ದಾರೆ. ಗಾಳಿಗೆ 1, ನೀರಿಗೆ 1.33, ಸುಣ್ಣದ ಕಣಕ್ಕೆ ಸುಮಾರು 1.6. ಅಕ್ಕಪಕ್ಕದ ಎರಡು ವಸ್ತುಗಳ ಅಂಕೆ ದೂರ ದೂರವಿದ್ದಷ್ಟೂ ಬೆಳಕು ಅವುಗಳ ನಡುವೆ ಸಿಕ್ಕು ಚೆಲ್ಲಾಪಿಲ್ಲಿಯಾಗುತ್ತದೆ. ಹಾಗೆ ಎಲ್ಲ ಬಣ್ಣಗಳೂ ಒಟ್ಟಿಗೆ ಚೆಲ್ಲಾಪಿಲ್ಲಿಯಾಗಿ ಹಿಂದಿರುಗುವುದನ್ನೇ ನಮ್ಮ ಕಣ್ಣು ಬಿಳುಪೆಂದು ಕಾಣುತ್ತದೆ. ಹಸಿ ಗೋಡೆಯಲ್ಲಿ ಸುಣ್ಣದ ಕಣಗಳ ನಡುವೆ ನೀರಿದೆ. ಅಂತರ ಕಡಿಮೆ, ಬೆಳಕು ಸಲೀಸಾಗಿ ನುಸುಳಿ ಹಿಂದಿನ ಕಲೆಯನ್ನು ತೋರಿಸಿಬಿಡುತ್ತದೆ. ಒಣಗಿದ ಮೇಲೆ ನೀರಿದ್ದ ಜಾಗಕ್ಕೆ ಗಾಳಿ ಬಂದು ಕೂರುತ್ತದೆ. ಅಂತರ ಹಿಗ್ಗುತ್ತದೆ, ಗೋಡೆ ಮುಚ್ಚಿಕೊಳ್ಳುತ್ತದೆ. ಬೆಳಗ್ಗೆ ಹಾಕಿದ ರಂಗೋಲಿಯ ಮೇಲೆ ನಾಲ್ಕು ಹನಿ ಮಳೆ ಬಿದ್ದಾಗ ಎಳೆಗಳು ಮಾಯವಾಗಿ, ಬಿಸಿಲು ಬಂದಾಗ ಅಳಿದುಳಿದವು ಮತ್ತೆ ಕಾಣಿಸಿಕೊಳ್ಳುವುದೂ ಇದೇ ಕಾರಣಕ್ಕೆ.

ಪುಡಿಯ ಈ ಗುಣಕ್ಕೆ ನಾನು ಮುಚ್ಚುಶಕ್ತಿ ಎಂದು ಹೆಸರಿಟ್ಟುಕೊಂಡಿದ್ದೇನೆ. ಸುಣ್ಣಕ್ಕೆ ಗಾಳಿಯ ಸಹಾಯ ಸಿಕ್ಕಿದರೆ ಮಾತ್ರ ಮುಚ್ಚುಶಕ್ತಿ. ಅದೇ ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ನೋಡಿ: ಎಣ್ಣೆಯ ಅಂಕೆ 1.48ರ ಹತ್ತಿರ, ಅದು ಒಣಗಿದರೂ ಜಾಗ ಬಿಟ್ಟು ಹೋಗುವುದಿಲ್ಲ, ಹಾಗಾಗಿ ಬಿಳುಪು ಸತ್ತು ಮಂಕು ಬೂದಿಯಾಗುತ್ತದೆ. ತೈಲವರ್ಣದವರು ಶತಮಾನಗಳ ಕಾಲ ಸೀಸದ ಬಿಳುಪಿಗೆ ಅಂಟಿಕೊಂಡಿದ್ದರ ಹಿಂದೆ ಈ ಲೆಕ್ಕವಿದೆ. ಸೀಸದ ಬಿಳುಪಿನ ಅಂಕೆ ಸುಮಾರು 2. ಆಮೇಲೆ, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ, ಟೈಟಾನಿಯಂ ಡೈಆಕ್ಸೈಡ್ ಮಾರುಕಟ್ಟೆಗೆ ಬಂತು. ಅದರ ಅಂಕೆ 2.7. ವಜ್ರದ್ದೇ 2.42! ವಜ್ರಕ್ಕಿಂತ ಹೆಚ್ಚು ಬೆಳಕು ಬಾಗಿಸುವ ಪುಡಿಯೊಂದು ಈಗ ನಮ್ಮ ಅಡುಗೆಮನೆ, ನಡುಮನೆ, ಬಚ್ಚಲಮನೆಯ ಗೋಡೆಗಳ ಮೇಲೆಲ್ಲ ಕೂತಿದೆ. ಎಮಲ್ಷನ್ ಡಬ್ಬಿಯ ಕೆನೆ, ತಿಳಿಗುಲಾಬಿ, ತಿಳಿಹಸಿರುಗಳ ತಳದಲ್ಲೂ ಹೆಚ್ಚಾಗಿ ಇರುವುದು ಅದೇ.

ಅದು ಹುಟ್ಟುವ ಜಾಗವೋ ಇನ್ನೂ ಸೊಗಸು. ಕೇರಳದ ಕೊಲ್ಲಂ ಬಳಿಯ ಚವರ ತೀರದಲ್ಲಿ ಮರಳು ಕಪ್ಪು. ಬರಿಗಾಲಲ್ಲಿ ನಡೆದರೆ ಪಾದಕ್ಕೆ ಹೊಳೆಯುವ ಕರಿ ಕಣಗಳು ಅಂಟುತ್ತವೆ. ಅದು ಇಲ್ಮೆನೈಟ್, ಕಬ್ಬಿಣ ಮತ್ತು ಟೈಟಾನಿಯಂ ಕೂಡಿಕೊಂಡ ಅದಿರು. ಕಬ್ಬಿಣವನ್ನು ಬಿಡಿಸಿ ತೆಗೆದರೆ ಉಳಿಯುವುದು ಆ ಕಣ್ಣು ಕೋರೈಸುವ ಬಿಳುಪು. ತಿರುವನಂತಪುರದಲ್ಲಿ ಇದಕ್ಕಾಗಿಯೇ ತಿರುವಾಂಕೂರು ಸಂಸ್ಥಾನದ ಕಾಲದಲ್ಲಿ ಕಾರ್ಖಾನೆ ಶುರುವಾಯಿತು. ಟೈಟಾನಿಯಂ ಬಿಳುಪಿನ ಸಾಮರ್ಥ್ಯ ನನಗೆ ಮಾನ್ಯ. ಆದರೂ ಸುಣ್ಣದ ಗೋಡೆಯ ಬಿಳುಪೇ ನನಗೆ ಹೆಚ್ಚು ಇಷ್ಟ. ಅದರಲ್ಲಿ ಕುಂಚ ಹೋದ ದಾರಿ ಕಾಣುತ್ತದೆ, ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ಸಂಜೆಯ ಬೆಳಕು ಅದರ ಮೇಲೆ ಓರೆಯಾಗಿ ಬಿದ್ದಾಗ ಗೋಡೆಗೂ ಒಂದು ಚರ್ಮವಿದೆ ಅನ್ನಿಸುತ್ತದೆ.

ಬಣ್ಣಗಳಲ್ಲಿ ಎರಡು ಕುಲ. ಹಾಲಿಗೆ ಹಾಕಿದ ಸಕ್ಕರೆ ಕರಗಿ ಹಾಲೇ ಆಗಿಬಿಡುತ್ತದೆ. ನೀರಿಗೆ ಹಾಕಿದ ರಾಗಿ ಹಿಟ್ಟು ಎಷ್ಟು ಕದಡಿದರೂ ಹಿಟ್ಟಾಗಿಯೇ ಉಳಿದು, ಕೈ ಬಿಟ್ಟರೆ ತಳಕ್ಕೆ ಕೂರುತ್ತದೆ. ಬಟ್ಟೆಗೆ ಅದ್ದುವ ಬಣ್ಣ ಮೊದಲ ಕುಲದ್ದು, ನೂಲಿನೊಳಕ್ಕೆ ಇಳಿಯುತ್ತದೆ. ಗೋಡೆಗೆ, ಹಲಗೆಗೆ, ಕ್ಯಾನ್ವಾಸಿಗೆ ಹಚ್ಚುವುದು ಎರಡನೆಯ ಕುಲ. ಅದು ಪುಡಿ. ಅಗಸೆ ಎಣ್ಣೆ, ಗೋಂದು, ಹುಣಸೆ ಬೀಜದ ಅಂಟು, ಮೊಟ್ಟೆಯ ಹಳದಿ, ಈ ಕಾಲದ ಅಕ್ರಿಲಿಕ್, ಯಾವುದರಲ್ಲಿ ಕಲಸಿದರೂ ಅದು ಕರಗುವುದಿಲ್ಲ. ಅಂಟು ಬದಲಾದಂತೆ ಪುಡಿಯ ಉಡುಪು ಬದಲಾಗುತ್ತದೆ, ಒಡಲು ಅದೇ. ನನ್ನ ಪುಡಿಮೋಹ ಹುಟ್ಟಿದ್ದು ಈ ಕರಗದಿಕೆಯಿಂದಲೇ. ಹೆಸರಿನ ಹಿಂದೆ ಒಂದು ಒಡಲಿದೆ, ಅದಕ್ಕೊಂದು ಊರಿದೆ, ಹಟವಿದೆ, ಸೇರುವವರಿದ್ದಾರೆ, ಸೇರದವರಿದ್ದಾರೆ ಎಂದು ತಿಳಿದ ಮೇಲೆ ಕೆಂಪನ್ನು ಬರೀ ಕೆಂಪು ಎಂದು ನೋಡಿ ಮುಂದೆ ಹೋಗುವುದು ಕಷ್ಟ.

ಕರಗದಿಕೆಯ ಮಾತು ಬಂದಾಗ ನೆನಪಾಗುವುದು ಗ್ಯಾಂಬೋಜ್. ಮರದ ತೊಗಟೆಗೆ ಗಾಯ ಮಾಡಿದಾಗ ಒಸರುವ ಅಂಟು ಅದು. ಒಣಗಿದ ಗಟ್ಟಿ ನೋಡಲು ಮಂಕು, ಬೆಲ್ಲದ ಚೂರಿನ ಬಣ್ಣ. ಒದ್ದೆ ಕುಂಚ ತಾಕಿಸಿದರೆ ಸಾಕು, ಥಟ್ಟನೆ ಉಜ್ವಲ ಹಳದಿ ಬಿಡುತ್ತದೆ. ಕಾಂಬೋಡಿಯಾ, ಸಯಾಂ ಕಡೆಯ ಆ ಮರಗಳು ನಮ್ಮ ಮುರುಗಲು, ಉಪ್ಪಾಗೆಗಳ ಜಾತಿಯವೇ. ಪಶ್ಚಿಮ ಘಟ್ಟದಲ್ಲೂ ಇಂಥ ಹಳದಿ ಅಂಟು ಸುರಿಸುವ ಬಂಧುವೊಂದಿದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕು ಉಬ್ಬಿ ನಿಲ್ಲುತ್ತದಲ್ಲ, ಆ ಉಬ್ಬಿನ ಒಳಗಿರುವುದು ಸೀಸದ ಸಫೇದ, ಗ್ಯಾಂಬೋಜ್ ಮತ್ತು ಅಂಟನ್ನು ಕಲಸಿದ ಲೇಪ. ದೇವಿಯ ಕಿರೀಟದ ಚಿನ್ನದ ಕೆಳಗೆ ಮುರುಗಲಿನ ನೆಂಟನೊಬ್ಬ ಅಡಗಿ ಕೂತಿದ್ದಾನೆ.

1908ರಲ್ಲಿ ಪ್ಯಾರಿಸಿನಲ್ಲಿ ಜಾನ್ ಪೆರಾಂ ಎಂಬ ವಿಜ್ಞಾನಿ ಇದೇ ಗ್ಯಾಂಬೋಜನ್ನು ನೀರಿನಲ್ಲಿ ಉಜ್ಜಿ, ಒಂದೇ ಗಾತ್ರದ ಕಣಗಳನ್ನು ಬೇರ್ಪಡಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟ. ಕಣಗಳು ಒಂದು ಗಳಿಗೆಯೂ ಸುಮ್ಮನಿರದೆ ನಡುಗುತ್ತಿದ್ದವು. ಕಣ್ಣಿಗೆ ಕಾಣದ ನೀರಿನ ಅಣುಗಳು ಅವುಗಳನ್ನು ಎಲ್ಲ ಕಡೆಯಿಂದ ಗುದ್ದುತ್ತಿರುವುದರಿಂದ ಹೀಗಾಗುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ಲೆಕ್ಕ ಹಾಕಿ ಹೇಳಿದ್ದ. ನೀರಿನ ತಳದಲ್ಲಿ ಎಷ್ಟು ಹಳದಿ ಕಣ, ಮೇಲೆ ಹೋದಂತೆ ಎಷ್ಟು ಎಂದು ಎಣಿಸಿ ಪೆರಾಂ ಆ ಲೆಕ್ಕವನ್ನು ನಿಜಮಾಡಿದ. ಅಣುಗಳು ಇವೆಯೋ ಇಲ್ಲವೋ ಎಂಬ ಬಹುಕಾಲದ ವಾದ ಅಲ್ಲಿಗೆ ಮುಗಿಯಿತು. 1926ರಲ್ಲಿ ಅವನಿಗೆ ನೊಬೆಲ್ ಬಂತು. ಕರಗಿಹೋಗುವ ಬಣ್ಣವಾಗಿದ್ದರೆ ಎಣಿಸಲು ಏನೂ ಇರುತ್ತಿರಲಿಲ್ಲ. ಚಿತ್ರಕಾರನ ಪೆಟ್ಟಿಗೆಯ ಹಳದಿ ಗಟ್ಟಿಗೆ ಸಂದ ಈ ಗೌರವ ನೆನೆದಾಗಲೆಲ್ಲ ನನಗೆ ಹಿಗ್ಗು.

ಈಗ ಮಣ್ಣಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ಕೂರುವವನಿದ್ದೇನೆ, ಯಾಕೆಂದರೆ ನನಗೆ ಎಲ್ಲ ಪುಡಿಗಳಿಗಿಂತ ಕೆಮ್ಮಣ್ಣು ಹತ್ತಿರ.

ಸಂಡೂರು, ಬಳ್ಳಾರಿ ಕಡೆಯ ಹೆಮಟೈಟ್ ಅದಿರಿನ ಒಂದು ಚೂರು ನನ್ನ ಮೇಜಿನ ಮೇಲಿದೆ. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ತೂಕ. ಬಣ್ಣ ಉಕ್ಕಿನ ಬೂದು, ಮುರಿದ ಕಡೆ ಸಣ್ಣ ಮಿನುಗು. ಕೆಂಪಿನ ಸುಳಿವೇ ಇಲ್ಲ. ಅದನ್ನು ಹೊಳಪಿಲ್ಲದ ಹಂಚಿನ ಮೇಲೆ ಎಳೆದರೆ ಬೀಳುವ ಗೆರೆ ಮಾತ್ರ ಒಣಗಿದ ರಕ್ತದ ಕೆಂಪು. ಇಡಿಯಾಗಿರುವಾಗ ಬಚ್ಚಿಟ್ಟುಕೊಂಡ ಬಣ್ಣವನ್ನು ಈ ಕಲ್ಲು ಪುಡಿಯಾದಾಗ ಒಪ್ಪಿಸುತ್ತದೆ. ಪುಡಿ ಎಷ್ಟು ನುಣುಪು ಎಂಬುದರ ಮೇಲೂ ಛಾಯೆ ನಿಲ್ಲುತ್ತದೆ: ಬಹಳ ನಯವಾದ ಕಬ್ಬಿಣದ ಕೆಂಪು ಕಿತ್ತಳೆಯ ಕಡೆ ವಾಲುತ್ತದೆ, ಕಣ ದಪ್ಪಗಾದಂತೆ ನೇರಳೆಯ ಕಡೆ.

ನಮ್ಮ ಕೆಮ್ಮಣ್ಣಿನಲ್ಲಿರುವುದೂ ಅದೇ ಆಕ್ಸೈಡು. ಅದರಿಂದ ಬಣ್ಣ ತೆಗೆಯುವ ಹಳೆಯ ರೀತಿ ತೀರಾ ಸರಳ, ಯಾರು ಬೇಕಾದರೂ ಮಾಡಿ ನೋಡಬಹುದು. ಮಣ್ಣನ್ನು ಬಕೆಟ್ಟಿನ ನೀರಿನಲ್ಲಿ ಕದಡಿ ಸ್ವಲ್ಪ ಹೊತ್ತು ಬಿಡಬೇಕು. ಮರಳು, ಹರಳು ಮೊದಲು ತಳ ಸೇರುತ್ತವೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಮೆಲ್ಲಗೆ ಬಸಿದು ರಾತ್ರಿಯಿಡೀ ಅಲುಗಿಸದೆ ಇಡಬೇಕು. ಬೆಳಗ್ಗೆ ಮೇಲೆ ತಿಳಿನೀರು, ಕೆಳಗೆ ಬೆಣ್ಣೆಯಂಥ ಕೆಸರು. ತಿಳಿ ಚೆಲ್ಲಿ ಕೆಸರನ್ನು ತಟ್ಟೆಯಲ್ಲಿ ಒಣಗಿಸಿದರೆ ಬಿರುಕುಬಿಟ್ಟ ಹೆಪ್ಪುಗಳಾಗುತ್ತದೆ. ಅದನ್ನು ಕಲ್ಲಿನ ಮೇಲೆ ಒಂದು ಚೂರು ಎಣ್ಣೆ ಬಿಟ್ಟು ಅರೆಯುವಾಗ ಮೊದಲು ಕರಕರ ಸದ್ದು. ತಿರುವಿದಂತೆ ಆ ಸದ್ದು ಸರಸರಕ್ಕಿಳಿದು, ಕಡೆಗೆ ಕೈಗೆ ಮಾತ್ರ ಗೊತ್ತಾಗುವ ಒಂದು ಜಾರಿಕೆ ಉಳಿಯುತ್ತದೆ. ಬೆರಳಿಗೆ ಹತ್ತಿದ್ದು ಸೋಪಿಗೆ ಸುಲಭವಾಗಿ ಬಗ್ಗುವುದಿಲ್ಲ, ಉಗುರಿನ ಸಂದಿಯಲ್ಲಂತೂ ಎರಡು ದಿನ ಮನೆ ಮಾಡುತ್ತದೆ.

ಹಳದಿ ಮಣ್ಣು ಕೆಂಪು ಮಣ್ಣಿನ ತಂಗಿ. ಅದರಲ್ಲಿ ಕಬ್ಬಿಣದ ಆಕ್ಸೈಡಿನ ಜೊತೆ ನೀರೂ ಹೆಣೆದುಕೊಂಡಿದೆ. ಬಾಣಲೆಯಲ್ಲಿ ಹಾಕಿ ಚೆನ್ನಾಗಿ ಕಾಯಿಸಿದರೆ, ಸುಮಾರು 300 ಡಿಗ್ರಿಯ ಹೊತ್ತಿಗೆ, ಆ ನೀರು ಹೊರಟುಹೋಗಿ ಹಳದಿ ಕಣ್ಣೆದುರೇ ಕೆಂಪಾಗುತ್ತದೆ. ಆವೆಯಲ್ಲಿ ಬೇಯುವ ಇಟ್ಟಿಗೆಯ ಕೆಂಪು, ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಊರೂರಿಗೆ ಹೋದ ಹೆಂಚಿನ ಕೆಂಪು, ಎಲ್ಲಕ್ಕೂ ಈ ಕಬ್ಬಿಣವೇ ಒಡೆಯ. ಕರಾವಳಿಯ ಒಂದು ಗುಡ್ಡದ ಮೇಲೆ ನಿಂತು ಕೆಳಗಿನ ಮಾಡುಗಳನ್ನು ನೋಡುವಾಗ ಒಂದೇ ಪುಡಿಯ ನೂರು ಛಾಯೆಗಳನ್ನು ನೋಡುತ್ತಿರುತ್ತೇವೆ.

ಮನುಷ್ಯ ಈ ಪುಡಿಯ ಬೆನ್ನು ಹತ್ತಿ ಎಷ್ಟು ಕಾಲವಾಯಿತು! ದಕ್ಷಿಣ ಆಫ್ರಿಕಾದ ಬ್ಲೋಂಬೊಸ್ ಗುಹೆಯಲ್ಲಿ ಕಡಲ ಚಿಪ್ಪಿನೊಳಗೆ ಕೆಮ್ಮಣ್ಣು, ಇದ್ದಿಲು, ಮೂಳೆಯ ಪುಡಿ ಕಲಸಿದ ಗುರುತು ಸಿಕ್ಕಿದೆ, ಸುಮಾರು 1,00,000 ವರ್ಷ ಹಳೆಯದು. ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಬಂಡೆಗಳ ಮೇಲೂ ಕೆಂಪು ಮನುಷ್ಯರು, ಕೆಂಪು ಪ್ರಾಣಿಗಳು ಮಳೆ ಬಿಸಿಲು ಸಹಿಸಿಕೊಂಡು ಇದ್ದಾರೆ. ಸಾಗರ ಸೀಮೆಯ ದೀವರ ಮನೆಗಳ ಹಸೆಗೋಡೆಗೆ ಬನ್ನಿ: ನೆಲೆಗಟ್ಟು ಕೆಮ್ಮಣ್ಣಿನದು, ಬಿಳಿ ಗೆರೆ ಅಕ್ಕಿಹಿಟ್ಟಿನದು, ಕಪ್ಪು ಸೀದ ಅಕ್ಕಿಯದು, ಹಳದಿ ಗುರಿಗೆ ಕಾಯಿಯದು, ಕುಂಚ ಪುಂಡಿನಾರಿನದು. ಚಿತ್ತಾರ ಬರೆಯುವ ಹೆಣ್ಣುಮಗಳು ಅಂಗಡಿಗೆ ಹೋಗುವ ಪ್ರಮೇಯವೇ ಇಲ್ಲ. ಉತ್ತರ ಕನ್ನಡದಿಂದ ಗೋವೆಯವರೆಗಿನ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಕಾವಿ ಕಲೆಯೆಂದು ಇನ್ನೊಂದಿದೆ. ಬಿಳಿ ಗಾರೆಯ ಮೇಲೆ ಕಾವಿಯ ತೆಳು ಪದರ ಎಳೆದು, ಹಸಿಯಿರುವಾಗಲೇ ಮೊನಚು ಮೊಳೆಯಿಂದ ಕೆರೆದು, ಕೆಳಗಿನ ಬಿಳುಪಿನಲ್ಲಿ ಹೂಬಳ್ಳಿ, ದೇವತೆ, ಆನೆ ಕುದುರೆಗಳನ್ನು ಹೊರಗೆ ತರುತ್ತಾರೆ. ಬಣ್ಣ ಹಚ್ಚಿ ಬಿಡಿಸುವ ಚಿತ್ರಗಳ ನಡುವೆ ಬಣ್ಣ ತೆಗೆದು ಬಿಡಿಸಿದ ಚಿತ್ರ ಇದು. ಇದರ ಮುಂದೆ ನಾನು ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲೆ.

ಕಾವಿಗೆ ಸುಣ್ಣದೊಡನೆ ಹೀಗೆ ಬಾಳಲು ಸಾಧ್ಯವಾಗಿರುವುದು ಅದರ ಸ್ವಭಾವದಿಂದ. ಕ್ಷಾರ ಅದನ್ನು ಕೆಣಕಲಾರದು, ಬಿಸಿಲು ಮಾಸಿಸಲಾರದು. ಸಿಮೆಂಟಿಗೆ ಕಲಸಿ ನೆಲಕ್ಕೆ ಎಳೆದರೆ ರೆಡಾಕ್ಸೈಡ್ ನೆಲ. ಅಜ್ಜಿಯ ಮನೆಯ ಅಂಥ ನೆಲ ದಿನವೂ ಒರೆಸಿಸಿಕೊಂಡು, ಮೂರು ತಲೆಮಾರಿನ ಪಾದಗಳಿಂದ ಹೊಳಪು ಪಡೆದು, ಬೇಸಿಗೆಯಲ್ಲಿ ಬರಿಮೈಯಲ್ಲಿ ಮಲಗಿದ ನಮಗೆ ತಂಪೂಡುತ್ತಿತ್ತು. ಕಿಟಕಿ ಸರಳು, ಗೇಟುಗಳಿಗೆ ಬಣ್ಣಕ್ಕೆ ಮೊದಲು ಬಳಿಯುವ ರೆಡಾಕ್ಸೈಡೂ, ಗೂಡ್ಸ್ ರೈಲಿನ ಡಬ್ಬಿಗಳ ಕಂದುಗೆಂಪೂ ಇದೇ. ಕಬ್ಬಿಣ ತುಕ್ಕು ಹಿಡಿಯದಿರಲಿ ಎಂದು ಅದಕ್ಕೆ ಹಚ್ಚುವುದು ತುಕ್ಕಿನ ಹತ್ತಿರದ ನೆಂಟನನ್ನೇ ಎಂಬುದು ನನಗೆ ಎಂದೂ ಹಳತಾಗದ ಸೋಜಿಗ. ಈ ಕಬ್ಬಿಣ ಆಗಲೇ ಪೂರ್ತಿಯಾಗಿ ಆಮ್ಲಜನಕ ಕೂಡಿಕೊಂಡು ತೃಪ್ತವಾಗಿದೆ. ಅದಕ್ಕೆ ಇನ್ನು ಯಾರಿಂದಲೂ ಏನೂ ಬೇಕಿಲ್ಲ, ಅಂಟಿನೊಡನೆ ಗಟ್ಟಿಯಾಗಿ ಕೂತು ಗಾಳಿ ನೀರಿಗೆ ಅಡ್ಡವಾಗುತ್ತದೆ.

ಎಲ್ಲ ಪುಡಿಗಳೂ ಇಷ್ಟು ಸಮಾಧಾನಿಗಳಲ್ಲ. ನೀಲಿಗಳನ್ನು ನೋಡಿ.

ಸುಣ್ಣದ ಬಕೆಟ್ಟಿಗೆ ಚಿಟಿಕೆ ನೀಲಿ ಹಾಕುವ ಪದ್ಧತಿ ನಮ್ಮಲ್ಲಿ ಮನೆಮನೆಗೂ ಇತ್ತು. ಬಿಳಿ ಪಂಚೆಗೆ ಹಾಕುವ ಅದೇ ರಾಬಿನ್ ನೀಲಿ. ಹಳದಿ ತಿರುಗಿದ ಬಿಳುಪಿಗೆ ಒಂದಿಷ್ಟು ನೀಲಿ ಸೇರಿದರೆ ಹಳದಿ ಅಡಗಿ ಕಣ್ಣಿಗೆ ಬಿಳುಪು ಹೆಚ್ಚಿದಂತೆ ಕಾಣುತ್ತದೆ. ಪೊಟ್ಟಣ ಬಿಚ್ಚಿದ ಕೂಡಲೇ ಕಾಣುವ ಆ ಪುಡಿಯ ಬಣ್ಣವನ್ನು ನೀವು ಒಮ್ಮೆಯಾದರೂ ನಿಂತು ನೋಡಿದ್ದೀರಾ? ನೀರಿಗೆ ಬೆರೆಸುವ ಮೊದಲು, ಒಣಗಿರುವಾಗ? ಆಳವನ್ನೇ ಪುಡಿ ಮಾಡಿಟ್ಟಂತಿರುತ್ತದೆ. ಅದು ಅಲ್ಟ್ರಾಮರೀನ್. ಒಂದು ಕಾಲಕ್ಕೆ ಈ ನೀಲಿ ಬರುತ್ತಿದ್ದುದು ಅಫ್ಘಾನಿಸ್ತಾನದ ಬದಖ್ಶಾನಿನ ಸರ್-ಎ-ಸಂಗ್ ಗಣಿಗಳ ಲಾಜವರ್ದ ಕಲ್ಲಿನಿಂದ. ಕಲ್ಲನ್ನು ಕುಟ್ಟಿ ಪುಡಿಮಾಡಿದರಷ್ಟೇ ಸಾಲದು, ಜೊತೆಗಿರುವ ಬಿಳಿ, ಬೂದು ಖನಿಜಗಳಿಂದ ನೀಲಿ ಮಂಕಾಗಿಬಿಡುತ್ತದೆ. ಸುಮಾರು 1400ರ ಹೊತ್ತಿಗೆ ಇಟಲಿಯ ಚೆನ್ನಿನೊ ಚೆನ್ನಿನಿ ವಿಧಾನ ಬರೆದಿಟ್ಟಿದ್ದಾನೆ: ಪುಡಿಯನ್ನು ಜೇನುಮೇಣ, ರಾಳಗಳೊಡನೆ ಕಣಕದಂತೆ ನಾದಿ, ದಿನಗಟ್ಟಲೆ ಬಿಟ್ಟು, ಬೂದಿನೀರಿನಲ್ಲಿ ಹಿಸುಕಬೇಕು. ಕೊಳೆಯನ್ನು ಮೇಣ ಹಿಡಿದುಕೊಳ್ಳುತ್ತದೆ, ನೀಲಿ ಮಾತ್ರ ನೀರಿಗಿಳಿಯುತ್ತದೆ. ಮೊದಲ ಹಿಂಡಿನದು ಅತ್ಯುತ್ತಮ, ಆಮೇಲಿನದು ಕಳೆಗುಂದುತ್ತ ಹೋಗುತ್ತದೆ. ಯೂರೋಪಿನಲ್ಲಿ ಅದಕ್ಕೆ ಚಿನ್ನದೊಡನೆ ಸರಿತೂಗುವ ಬೆಲೆ. ಮೇರಿಯ ಮೇಲುಹೊದಿಕೆಗೆಂದು ಅದನ್ನು ಮೀಸಲಿಡುತ್ತಿದ್ದರು.

1824ರಲ್ಲಿ ಫ್ರಾನ್ಸಿನ ಒಂದು ಸಂಘ ಈ ನೀಲಿಯನ್ನು ಅಗ್ಗವಾಗಿ ತಯಾರಿಸುವವರಿಗೆ 6,000 ಫ್ರಾಂಕ್ ಬಹುಮಾನವೆಂದು ಸಾರಿತು. ಜಾನ್ ಬಾಪ್ಟಿಸ್ಟ್ ಗಿಮೆ ಅದನ್ನು 1828ರಲ್ಲಿ ಗೆದ್ದ; ಅದೇ ಹೊತ್ತಿಗೆ ಜರ್ಮನಿಯ ಗ್ಮೆಲಿನ್ ಕೂಡ ತನ್ನದೇ ದಾರಿಯಲ್ಲಿ ಅಲ್ಲಿಗೆ ಮುಟ್ಟಿದ್ದ. ಸಾಮಗ್ರಿಯ ಪಟ್ಟಿ ಕೇಳಿ: ಬಿಳಿ ಜೇಡಿಮಣ್ಣು, ಬಿಳಿ ಸೋಡಾ, ಹಳದಿ ಗಂಧಕ, ಕರಿ ಇದ್ದಿಲು. ಎಲ್ಲೂ ನೀಲಿಯಿಲ್ಲ. ಕುಲುಮೆಯಲ್ಲಿ ಬೇಯಿಸಿದಾಗ ಮೊದಲು ಹಸಿರಾಗಿ, ಮತ್ತೂ ಬೆಂದು ಗಾಳಿ ತಾಗಿದಾಗ ನೀಲಿಯಾಗುತ್ತದೆ. ಜೇಡಿಯ ಅಣುಗಳು ಕಟ್ಟಿದ ಪಂಜರದೊಳಗೆ ಮೂರು ಮೂರು ಗಂಧಕದ ಪರಮಾಣುಗಳು ಸೆರೆಯಾಗುತ್ತವೆ, ಆ ಸೆರೆಯಾಳುಗಳೇ ನೀಲಿ. ಸುಣ್ಣದ ಕ್ಷಾರ ಪಂಜರವನ್ನು ಮುಟ್ಟಲಾರದು, ಹಾಗಾಗಿ ನಮ್ಮ ಗೋಡೆಯಲ್ಲಿ ಅದು ಸುಖವಾಗಿತ್ತು. ಆಮ್ಲ ಬಿದ್ದರೆ ಮಾತ್ರ ಪಂಜರ ಮುರಿದು, ನೀಲಿ ಹೋಗಿ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಗಂಧಕ ಬಿಡುಗಡೆಯಾದ ಗುರುತು ಅದು.

ಪ್ರಷ್ಯನ್ ನೀಲಿಯ ಸ್ವಭಾವ ಇದಕ್ಕೆ ತೀರಾ ತಿರುವುಮುರುವು. ಹದಿನೆಂಟನೆಯ ಶತಮಾನದ ಮೊದಲ ವರ್ಷಗಳಲ್ಲಿ, ಬರ್ಲಿನ್ನಿನಲ್ಲಿ, ಡೀಸ್‌ಬಾಖ್ ಎಂಬ ಬಣ್ಣಗಾರ ಕೆಂಪು ತಯಾರಿಸಲು ಕೂತಿದ್ದನಂತೆ; ತಂದ ಪೊಟ್ಯಾಶಿನಲ್ಲಿ ಪ್ರಾಣಿಯ ರಕ್ತದ ಅಂಶ ಬೆರೆತಿದ್ದರಿಂದ ಕೆಂಪಿನ ಬದಲು ಗಾಢ ನೀಲಿ ಹುಟ್ಟಿತು ಎಂಬುದು ಬಣ್ಣಗಾರರು ಹೇಳಿಕೊಂಡು ಬಂದ ಕಥೆ. ಕಬ್ಬಿಣವೂ ಸಯನೈಡೂ ಹೆಣೆದುಕೊಂಡ ಪುಡಿ ಇದು. ಜಪಾನಿನ ಚಿತ್ರಕಾರ ಹೊಕುಸಾಯಿಯ ಹೆದ್ದೆರೆಯ ಚಿತ್ರಕ್ಕೆ, ಸುಮಾರು 1831ರಲ್ಲಿ, ಆ ಆಳ ಕೊಟ್ಟದ್ದು ಇದೇ. ಆಮ್ಲಕ್ಕೆ ಇದು ಜಗ್ಗುವುದಿಲ್ಲ. ಸುಣ್ಣದ ಗೋಡೆಗೆ ಹಚ್ಚಿದಿರೋ, ನೀಲಿ ಕರಗಿ ಕಂದು ತುಕ್ಕು ಮೇಲೆ ಬರುತ್ತದೆ, ಒಳಗಿದ್ದ ಕಬ್ಬಿಣ ತನ್ನ ಹುಟ್ಟುಬಣ್ಣಕ್ಕೆ ಮರಳುತ್ತದೆ. ಎರಡು ನೀಲಿಗಳನ್ನು ಪಕ್ಕಪಕ್ಕ ಬಳಿದರೆ ಎಳೆಗಣ್ಣಿಗೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಒಂದಕ್ಕೆ ಆಗದ್ದೇ ಇನ್ನೊಂದಕ್ಕೆ ಹಿತ. ಇದೇ ಪ್ರಷ್ಯನ್ ನೀಲಿಯನ್ನು 1987ರಲ್ಲಿ ಬ್ರೆಜಿಲ್ಲಿನ ಗೊಯಾನಿಯಾದಲ್ಲಿ ವಿಕಿರಣದ ಸೀಸಿಯಂ ಹೊಟ್ಟೆ ಸೇರಿದವರಿಗೆ ಔಷಧವಾಗಿ ನುಂಗಿಸಿದರು. ಪುಡಿ ಮೈಯಲ್ಲಿ ಕರಗದೆ, ಸೀಸಿಯಮ್ಮನ್ನು ತನ್ನ ಹೆಣಿಗೆಯೊಳಗೆ ಹಿಡಿದುಕೊಂಡು ಹೊರಗೆ ಹೋಗುತ್ತದೆ.

ಜಗಳಗಂಟಿ ಪುಡಿಗಳ ಕಥೆಗೆ ಕೊನೆಯಿಲ್ಲ. ಹರಿತಾಳ ಚಿನ್ನದ ಹಳದಿ, ಪಾಷಾಣ ಮತ್ತು ಗಂಧಕದ ಸಂಯುಕ್ತ. ಸೀಸದ ಸಫೇದದ ಪಕ್ಕದಲ್ಲಿಟ್ಟರೆ ಅದರ ಗಂಧಕ ಸೀಸವನ್ನು ಕಪ್ಪಾಗಿಸುತ್ತದೆ. ಅದರ ಒಡಹುಟ್ಟು ಮನಃಶಿಲೆ ಕೆಂಪಗಿದ್ದು, ಬೆಳಕಿಗಿಟ್ಟರೆ ಹಳದಿ ಪುಡಿಯಾಗಿ ಉದುರುತ್ತದೆ. ಪಾದರಸದ ಇಂಗಳೀಕ ಬಿಸಿಲಿಗೆ ಕಪ್ಪಡರುತ್ತದೆ. ಹತ್ತೊಂಬತ್ತನೆಯ ಶತಮಾನದ ಯೂರೋಪು ಮೋಹಗೊಂಡಿದ್ದ ಪಚ್ಚೆ ಹಸಿರುಗಳಲ್ಲಿ ತಾಮ್ರದ ಜೊತೆ ಪಾಷಾಣವಿತ್ತು, ಅದನ್ನೇ ಮಲಗುವ ಕೋಣೆಯ ಗೋಡೆಕಾಗದಕ್ಕೂ ಹಾಕಿದರು. ಈ ಚೆಲುವೆಯರ ಬಗ್ಗೆ ನನಗೆ ಕುತೂಹಲವಿದೆ, ಪ್ರೀತಿಯಿಲ್ಲ. ಈಜಿಪ್ಟಿನ ಮಮ್ಮಿಗಳನ್ನು ಅರೆದು ಮಾರುತ್ತಿದ್ದ ಕಂದು ಬಣ್ಣವಿತ್ತು. ಹೆಸರು ಬರೀ ಅಲಂಕಾರವಲ್ಲ ಎಂದು ತಿಳಿದಾಗ ಇಂಗ್ಲೆಂಡಿನ ಚಿತ್ರಕಾರ ಬರ್ನ್-ಜೋನ್ಸ್ ತನ್ನ ಟ್ಯೂಬನ್ನು ತೋಟದಲ್ಲಿ ಹೂಳಿ ಸಂಸ್ಕಾರ ಮಾಡಿದ. ಅದು ಮಾಡಬೇಕಾದ ಕೆಲಸವೇ.

ಪ್ಯೂರಿ ಎಂಬ ಹಳದಿಯ ವಿಷಯದಲ್ಲಿ ಮನಸ್ಸು ಅಷ್ಟು ಸಲೀಸಾಗಿ ತೀರ್ಪು ಕೊಡುವುದಿಲ್ಲ. ಪಹಾಡಿ, ರಾಜಸ್ಥಾನಿ ಕಿರುಚಿತ್ರಗಳಲ್ಲಿ ಕೃಷ್ಣನ ಪೀತಾಂಬರ ಬೆಳಗುತ್ತದಲ್ಲ, ಅಂಥ ಬಿಸಿಲುಹಳದಿ ಅದು. 1883ರಲ್ಲಿ ತ್ರೈಲೋಕ್ಯನಾಥ ಮುಖರ್ಜಿ ಅದರ ಮೂಲ ಹುಡುಕಿಕೊಂಡು ಬಿಹಾರದ ಮುಂಗೇರ್ ಬಳಿಯ ಮಿರ್ಜಾಪುರ ಎಂಬ ಹಳ್ಳಿಗೆ ಹೋಗಿ ಕಂಡದ್ದನ್ನು ಬರೆದರು. ಗೊಲ್ಲರು ಹಸುಗಳಿಗೆ ಮಾವಿನ ಎಲೆ ಮತ್ತು ನೀರನ್ನಷ್ಟೇ ಕೊಟ್ಟು, ಅವುಗಳ ಗಂಜಲವನ್ನು ಮಡಕೆಯಲ್ಲಿ ಹಿಡಿದು, ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಉಳಿದ ಗಸಿಯನ್ನು ಉಂಡೆ ಕಟ್ಟಿ ಒಣಗಿಸುತ್ತಿದ್ದರು. ಹಸುಗಳು ಬಡಕಲಾಗಿದ್ದವು. ಈ ಕಥೆ ನಿಜವೇ ಎಂದು ಬಹುಕಾಲ ಅನುಮಾನಪಟ್ಟವರಿದ್ದರು. ಈಚಿನ ರಾಸಾಯನಿಕ ಪರೀಕ್ಷೆಗಳು ಮುಖರ್ಜಿಯವರ ಮಾತಿನ ಕಡೆಗೇ ನಿಂತಿವೆ. ಆ ಹಳದಿ ಈಗ ತಯಾರಾಗುವುದಿಲ್ಲ. ಚಿತ್ರಗಳಲ್ಲಿ ಅದು ಎದುರಾದಾಗ ಕಣ್ಣು ತಣಿಯುತ್ತದೆ, ಹೊಟ್ಟೆಯಲ್ಲಿ ಎಲ್ಲೋ ಆ ಹಸುಗಳ ಹಸಿವೂ ಮಿಸುಕುತ್ತದೆ.

ಕಪ್ಪಿನ ಮಾತು ಆಡದೆ ಏಳುವಂತಿಲ್ಲ. ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿದವರಿಗೆ ಆ ಮಸಿಯ ನವಿರು ಗೊತ್ತು. ಬೆರಳಿನ ಗೆರೆಗಳ ನಡುವೆ ಇಳಿದು ಗೆರೆಗಳನ್ನೇ ಬರೆದು ತೋರಿಸುತ್ತದೆ. ನೀರು ಹನಿಸಿದರೆ ಒಲ್ಲೆನೆಂದು ಹನಿಯನ್ನು ಉರುಳಿಸಿಬಿಡುತ್ತದೆ, ತುಪ್ಪವನ್ನೋ ಎಣ್ಣೆಯನ್ನೋ ಆದರೆ ಕೂಡಲೇ ಒಪ್ಪುತ್ತದೆ. ಅದು ಬರೀ ಇಂಗಾಲ; ಆಮ್ಲ, ಕ್ಷಾರ, ಬಿಸಿಲು ಯಾವುದಕ್ಕೂ ಸೊಪ್ಪು ಹಾಕುವುದಿಲ್ಲ. ನಮ್ಮ ಹಿಂದಿನವರ ಕಡತಗಳನ್ನು ಮಾಡುತ್ತಿದ್ದುದೂ ಇಂಗಾಲದಿಂದ: ಬಟ್ಟೆಗೆ ಹುಣಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬೆಳ್ಳಗೆ ಬರೆಯುತ್ತಿದ್ದರು. ಲೆಕ್ಕ ತೀರಿದರೆ ಒರೆಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ.

ಹಚ್ಚಿದ ಮೇಲೆ ಕರಗದ ಪುಡಿಯಾಗಿ ಬದಲಾಗುವ ಕಪ್ಪೂ ಒಂದಿದೆ, ಅದು ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಕಾಡಿನ ಅರಗನ್ನು ನಂಬಿಕೊಂಡು ಶುರುವಾದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಶಾಯಿ ಒದಗಿಸುತ್ತಿದೆ. ಶಾಯಿಯಲ್ಲಿ ಕರಗಿರುವುದು ಬೆಳ್ಳಿಯ ಲವಣ. ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕು ತಾಗಿ, ಅದು ಬೆಳ್ಳಿಯ ಕರಿ ಕಣಗಳಾಗಿ ಅಲ್ಲೇ ನೆಲೆನಿಲ್ಲುತ್ತದೆ. ಸೋಪಿಗೆ ಕರಗುವ ಘಟ್ಟ ದಾಟಿಹೋಗಿರುತ್ತದೆ. ಚರ್ಮ ಉದುರಿ, ಉಗುರು ಬೆಳೆದು ತಾನೇ ಹೊರಹಾಕಬೇಕು.

ಮುಚ್ಚುಶಕ್ತಿ, ಕ್ಷಾರಸಹನೆ ಎಲ್ಲ ಆದ ಮೇಲೂ ಒಂದು ಗುಣ ಉಳಿಯಿತು. ಬಿಸಿಲ್ಬಾಳಿಕೆ ಅಂತೀನಿ ನಾನು, ಬಿಸಿಲಿನಲ್ಲಿ ಬಾಳುವ ತಾಳ್ಮೆ. ಅದನ್ನು ನೋಡಲು ಪ್ರಯೋಗಾಲಯ ಬೇಡ, ಪೇಟೆಬೀದಿ ಸಾಕು. ಕ್ಷೌರದಂಗಡಿಯ ಗಾಜಿಗೆ ಅಂಟಿಸಿದ ಹಳೆಯ ಕೇಶವಿನ್ಯಾಸದ ಪೋಸ್ಟರುಗಳಲ್ಲಿ ಯುವಕರ ಮುಖವೆಲ್ಲ ನೀಲಿ. ಸಿನಿಮಾ ಪೋಸ್ಟರು, ಕೋಳಿ ಅಂಗಡಿಯ ಬೋರ್ಡು, ಐಸ್‌ಕ್ರೀಮಿನ ಪಟ್ಟಿ, ಬಿಸಿಲಿಗೆ ಮುಖ ಮಾಡಿದವೆಲ್ಲ ಕಾಲಕ್ರಮದಲ್ಲಿ ನೀಲಿಗೆ ತಿರುಗುತ್ತವೆ. ಅಚ್ಚಿನ ನಾಲ್ಕು ಶಾಯಿಗಳಲ್ಲಿ ಹಳದಿ ಮತ್ತು ಕೆನ್ನೇರಳೆಯ ಸಾವಯವ ಪುಡಿಗಳ ಅಣುಗಳನ್ನು ಬಿಸಿಲಿನ ಅತಿನೇರಳೆ ಕಿರಣ ಬೇಗ ಮುರಿಯುತ್ತದೆ. ಕಪ್ಪು ಇಂಗಾಲ, ಅದು ಹಂದುವುದಿಲ್ಲ. ನೀಲಿ ಥ್ಯಾಲೊಸಯನೈನ್, ಅದೂ ಗಟ್ಟಿಗ. ಇದರ ಹುಟ್ಟೂ ಆಕಸ್ಮಿಕವೇ: 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಕಾರ್ಖಾನೆಯಲ್ಲಿ ಬೇರೊಂದು ರಾಸಾಯನಿಕ ಬೇಯುತ್ತಿದ್ದ ಕಬ್ಬಿಣದ ಹಂಡೆಯ ಒಳಲೇಪ ಬಿರುಕುಬಿಟ್ಟು, ಕಬ್ಬಿಣ ತಾಗಿದ ಕಡೆ ನೀಲಿ ಕಸ ಕಂಡಿತು. ಕಬ್ಬಿಣದ ಜಾಗಕ್ಕೆ ತಾಮ್ರ ಬಂದು 1935ರ ಹೊತ್ತಿಗೆ ಅದು ಮಾರಾಟಕ್ಕಿಳಿಯಿತು. ಚಿಟಿಕೆ ಹಾಕಿದರೆ ಬಕೆಟ್ಟು ತುಂಬ ಬಣ್ಣ ಕೊಡುವಷ್ಟು ಬಲ ಅದಕ್ಕೆ. ಇನ್ನು ಮುಂದೆ ಹಳೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಡವಾದಾಗ ಸುತ್ತಲಿನ ಬೋರ್ಡುಗಳನ್ನು ಓದುತ್ತ ಕೂರಿ: ಯಾವುದು ಬರೀ ನೀಲಿಯಾಗಿದೆಯೋ ಅದು ದಕ್ಷಿಣಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ್ದು, ಯಾವುದರಲ್ಲಿ ಇನ್ನೂ ನಟಿಯ ಕೆನ್ನೆ ಕೆಂಪಗಿದೆಯೋ ಅದರ ಮೇಲೊಂದು ತಗಡಿನ ಚಾಚು ಇದ್ದೇ ಇರುತ್ತದೆ.